ಏಳು ನೀರು ರಾಕೆಟ್, ಹದಿನಾರು ದಿನ: ಕಲ್ಪನಾ ಚಾವ್ಲಾ ಅವರಿಗೆ ನಮ್ಮ ಸೀಮೆಯ ಮಕ್ಕಳು ನಮನ ಸಲ್ಲಿಸುವ ಬಗೆ

ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಒಂದು ಭಾಷಣ ಕೇಳಿ, ಎರಡು ನಿಮಿಷ ಮೌನವಾಗಿ ನಿಂತು ತರಗತಿಗೆ ಮರಳುವುದು ಶಾಲೆಗಳ ವಾಡಿಕೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮಕ್ಕಳೊಂದಿಗೆ ನೀರು ರಾಕೆಟ್ (ಪ್ಲಾಸ್ಟಿಕ್ ಬಾಟಲಿಗೆ ನೀರು, ಒತ್ತಡದ ಗಾಳಿ ತುಂಬಿ ಚಿಮ್ಮಿಸುವ ರಾಕೆಟ್) ಹಾರಿಸುವ ನಮ್ಮಂಥ ಹವ್ಯಾಸಿಗಳಿಗೆ ಅಷ್ಟು ಸಾಲದು ಎನಿಸುತ್ತದೆ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಏರಿ, ಫೆಬ್ರುವರಿ 1ರಂದು ಮರಳುವಾಗ ಮಡಿದ ಕಲ್ಪನಾ ಸೇರಿ ಏಳು ಮಂದಿ ಬಾಹ್ಯಾಕಾಶಕ್ಕೆ ಹೋಗಿದ್ದು ಪ್ರಯೋಗ ಮಾಡಲು. ಸುಮಾರು 80 ಪ್ರಯೋಗಗಳನ್ನು ಕೆಂಪು ತಂಡ, ನೀಲಿ ತಂಡ ಎಂದು ಎರಡು ಪಾಳಿಯಲ್ಲಿ ಹಗಲಿರುಳೂ ನಡೆಸಿದರು. ಆ ಪ್ರಯೋಗಗಳಲ್ಲಿ ಶಾಲಾ ಮಕ್ಕಳು ರೂಪಿಸಿದವೂ ಇದ್ದವು: ಚೀನಾದ ಮಕ್ಕಳ ರೇಷ್ಮೆಹುಳು, ಆಸ್ಟ್ರೇಲಿಯಾದ ಮಕ್ಕಳ ಜೇಡ, ಅಮೆರಿಕದ ಮಕ್ಕಳ ಇರುವೆ. ಅಂಥವರ ನೆನಪಿಗೆ ಮಕ್ಕಳು ಕೊಡಬಹುದಾದ ಅತ್ಯುತ್ತಮ ಕಾಣಿಕೆ ಅಚ್ಚುಕಟ್ಟಾಗಿ ನಡೆಸಿದ ಒಂದು ಪ್ರಯೋಗವೇ ಎಂಬುದು ನನ್ನ ದೃಢ ನಂಬಿಕೆ. ಈ ಮಾರ್ಗದರ್ಶಿಯನ್ನು ಬರೆಯುತ್ತಿರುವುದು ಅದಕ್ಕಾಗಿ.

ಯೋಜನೆ ಹೀಗಿದೆ. ಏಳು ಗಗನಯಾತ್ರಿಗಳ ಹೆಸರಿನಲ್ಲಿ ಏಳು ರಾಕೆಟ್. ಮೊದಲ ಆರು ರಾಕೆಟ್‌ಗಳಲ್ಲಿ ಬೇರೆ ಬೇರೆ ಪ್ರಮಾಣದ ನೀರು ತುಂಬಿ, ಯಾವುದು ಎಷ್ಟು ಎತ್ತರ ಹೋಯಿತೆಂದು ಮಕ್ಕಳೇ ಅಳೆಯುತ್ತಾರೆ. ಆ ಲೆಕ್ಕದಿಂದ ಅತ್ಯುತ್ತಮ ಪ್ರಮಾಣ ಯಾವುದೆಂದು ಕಂಡುಕೊಂಡು, ಅಷ್ಟು ನೀರಿನೊಂದಿಗೆ ಕಲ್ಪನಾ ಅವರ ಹೆಸರಿನ ಏಳನೆಯ ರಾಕೆಟ್ ಹಾರಿಸುತ್ತಾರೆ. ಆರು ಮಂದಿ ಕಲಿಸಿದ್ದನ್ನು ಏಳನೆಯದು ಹೊತ್ತು ಹೋಗುತ್ತದೆ.

ದಿನ, ಹೊತ್ತು, ಪಾಳಿ

ಕೊಲಂಬಿಯಾ ಹೊರಟ ಜನವರಿ 16ರಿಂದ ಅದು ಛಿದ್ರವಾದ ಫೆಬ್ರುವರಿ 1ರವರೆಗಿನ ಅವಧಿಯನ್ನೇ ನಿಮ್ಮ ಸಿದ್ಧತೆಯ ಅವಧಿಯಾಗಿ ಇಟ್ಟುಕೊಳ್ಳಿ. ಸಂಕ್ರಾಂತಿ ಮುಗಿದಿರುತ್ತದೆ, ಪರೀಕ್ಷೆಗಳ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಕಲ್ಪನಾ ಅವರ ಜನ್ಮದಿನವಾದ ಮಾರ್ಚ್ 17ರಂದು ಹಾರಿಸೋಣ ಎಂದು ಕೆಲವರು ಕೇಳುತ್ತಾರೆ. ಆ ಹೊತ್ತಿಗೆ ರಾಯಚೂರಿನ ಬಿಸಿಲಿನಲ್ಲಿ ಮಕ್ಕಳನ್ನು ಬಯಲಿನಲ್ಲಿ ನಿಲ್ಲಿಸುವುದು ಸರಿಯಲ್ಲ, ಬಾಟಲಿಯ ಪ್ಲಾಸ್ಟಿಕ್ಕೂ ಬಿಸಿಗೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಫೆಬ್ರುವರಿ 1ರ ಬೆಳಿಗ್ಗೆ 7ರಿಂದ 9ರ ನಡುವೆ ಗಾಳಿ ಸಾಮಾನ್ಯವಾಗಿ ತಗ್ಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಕೊಲಂಬಿಯಾದೊಂದಿಗೆ ಸಂಪರ್ಕ ಕಡಿದದ್ದು ನಮ್ಮ ಗಡಿಯಾರದಲ್ಲಿ ಸಂಜೆ 7:30ರ ಸುಮಾರಿಗೆ. ಆ ಹೊತ್ತಿನಲ್ಲಿ ಏಳೂ ಹೆಸರುಗಳನ್ನು ಓದಬಹುದು. ಆದರೆ ಕತ್ತಲಲ್ಲಿ ರಾಕೆಟ್ ಹಾರಿಸಬೇಡಿ.

ಮಕ್ಕಳನ್ನು ಕೆಂಪು, ನೀಲಿ ಎಂದು ಎರಡು ತಂಡ ಮಾಡಿ. ಕಲ್ಪನಾ ಇದ್ದದ್ದು ಕೆಂಪು ತಂಡದಲ್ಲಿ, ರಿಕ್ ಹಸ್ಬೆಂಡ್, ಲಾರೆಲ್ ಕ್ಲಾರ್ಕ್, ಇಲಾನ್ ರಮೋನ್ ಅವರೊಂದಿಗೆ. ವಿಲಿಯಂ ಮೆಕೂಲ್, ಡೇವಿಡ್ ಬ್ರೌನ್, ಮೈಕೆಲ್ ಆಂಡರ್ಸನ್ ನೀಲಿ ತಂಡದವರು. ಒಂದು ತಂಡ ರಾಕೆಟ್ ಕಟ್ಟಿದರೆ ಇನ್ನೊಂದು ತಂಡ ಅದನ್ನು ಪರೀಕ್ಷಿಸಲಿ. ಒಂದು ಹಾರಿಸಿದರೆ ಇನ್ನೊಂದು ಅಳೆಯಲಿ. ಕಟ್ಟಿದವರೇ ಪರೀಕ್ಷಿಸುವುದು ಬೇಡ, ತಾನು ಕಟ್ಟಿದ್ದರಲ್ಲಿ ದೋಷ ಯಾರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ.

ಮದ್ದು ಬೇಡವೇ ಬೇಡ

ಪ್ರತಿ ಊರಿನಲ್ಲೂ ಒಬ್ಬ ಉತ್ಸಾಹಿ ಹುಡುಗ ಪಟಾಕಿಯ ಮದ್ದು ತುಂಬಿ ಹಾರಿಸೋಣ ಎನ್ನುತ್ತಾನೆ, ಸಕ್ಕರೆಗೆ ಸೋರುಪ್ಪು ಬೆರೆಸುವ ವೀಡಿಯೊ ತೋರಿಸುತ್ತಾನೆ. ಅವನ ಉತ್ಸಾಹವನ್ನು ಕೊಲ್ಲದೆ, ಆದರೆ ಸ್ಪಷ್ಟವಾಗಿ ಬೇಡ ಎನ್ನಿ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಮದ್ದು ಅರೆಯುವಾಗಲೇ ಬೆರಳು, ಕಣ್ಣು ಹೋಗುತ್ತವೆ. ಸಂಡೂರಿನ ಗಣಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳ ಸುತ್ತಮುತ್ತ ಸಿಗುವ ತಂತಿ, ಕೊಳವೆಯಂಥ ವಸ್ತುಗಳನ್ನು ಮಕ್ಕಳು ಮುಟ್ಟಬಾರದು ಎಂಬುದನ್ನೂ ಇದೇ ಸಂದರ್ಭದಲ್ಲಿ ಹೇಳಿಬಿಡಿ.

ನೀರು ರಾಕೆಟ್ ಸಣ್ಣದೇನಲ್ಲ. 50 ಪಿಎಸ್‌ಐ (ಚದರ ಇಂಚಿಗೆ 50 ಪೌಂಡ್) ಒತ್ತಡದಲ್ಲಿ ಬಾಟಲಿಯ ಬಾಯಿಂದ ನೀರು ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ಕ್ಷಣ ಬಾಟಲಿಯನ್ನು ಮೇಲಕ್ಕೆ ನೂಕುವ ಬಲ ಸುಮಾರು 25 ಕಿಲೋ ತೂಕಕ್ಕೆ ಸಮ. ಅರ್ಧ ಲೀಟರಿಗೂ ಹೆಚ್ಚಿನ ನೀರು ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಕೊಲಂಬಿಯಾವನ್ನು ಎತ್ತಿದ್ದೂ ಇದೇ ನಿಯಮ: ಹಿಂದಕ್ಕೆ ದ್ರವ್ಯ ಚಿಮ್ಮಿದರೆ ನೌಕೆ ಮುಂದಕ್ಕೆ. ಮಕ್ಕಳಿಗೆ ನ್ಯೂಟನ್‌ನ ಮೂರನೆಯ ನಿಯಮ ಪಠ್ಯಪುಸ್ತಕದಿಂದ ಹೊರಬಂದು ಮುಖಕ್ಕೆ ನೀರು ಎರಚುವುದು ಇಲ್ಲಿಯೇ.

ಬಯಲು ಹುಡುಕುವುದು

ಕನಿಷ್ಠ 100 ಮೀಟರ್ ಉದ್ದ, ಅಷ್ಟೇ ಅಗಲದ ಬಯಲು ಬೇಕು. ಹಿಂಗಾರಿ ಜೋಳ, ಕಡಲೆ ಕಟಾವಾದ ಹೊಲ ಸಿಕ್ಕರೆ ಉತ್ತಮ. ರೈತರ ಒಪ್ಪಿಗೆ ಪಡೆಯಿರಿ, ಅವರ ಮನೆಯ ಮಕ್ಕಳನ್ನೂ ಕರೆಯಿರಿ. ಎರೆ ಭೂಮಿಯಾದರೆ ಬಿರುಕುಗಳಲ್ಲಿ ಕಾಲು ಸಿಕ್ಕಿಕೊಳ್ಳದಂತೆ ಓಡುವ ಹಾದಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಾಲುವೆ ನೀರು ಬಂದಿದ್ದರೆ ಎರಡನೆಯ ಬೆಳೆಯ ಭತ್ತದ ಗದ್ದೆಗಳು ಸುತ್ತಲೂ ಇರುತ್ತವೆ. ನಾಟಿ ಮಾಡಿದ ಗದ್ದೆಗೆ ರಾಕೆಟ್ ಹುಡುಕಲು ಮಕ್ಕಳು ಇಳಿದರೆ ಬೆಳೆ ಹಾಳು, ಹಾಗಾಗಿ ಅಲ್ಲಿ ಶಾಲೆಯ ಮೈದಾನವೇ ಸರಿ. ಒಣಮೆಣಸಿನಕಾಯಿ ಹರಡಿದ ಕಣಗಳ ಹತ್ತಿರವೂ ಹೋಗಬೇಡಿ. ವರ್ಷದ ದುಡಿಮೆ ಅಲ್ಲಿ ಬಿಸಿಲಿಗೆ ಒಣಗುತ್ತಿರುತ್ತದೆ, ಅದರ ಮೇಲೆ ನೀರು ಚಿಮ್ಮಬಾರದು.

ಶಕ್ತಿನಗರ, ಕುಡತಿನಿ ಕಡೆ ಉಷ್ಣ ವಿದ್ಯುತ್ ಸ್ಥಾವರಗಳಿಂದ ಹೊರಟ ಹೈಟೆನ್ಷನ್ ತಂತಿಗಳು ಎಲ್ಲೆಡೆ ಹಾದುಹೋಗಿವೆ. ತಂತಿಯಿಂದ 150 ಮೀಟರಾದರೂ ದೂರವಿರಿ. ತಂತಿಗೆ ರಾಕೆಟ್ ಸಿಕ್ಕಿಕೊಂಡರೆ ಅದನ್ನು ಅಲ್ಲಿಯೇ ಬಿಡಿ, ಕೋಲು ತರುವ ಮಾತೇ ಬೇಡ, ವಿದ್ಯುತ್ ಕಚೇರಿಗೆ ತಿಳಿಸಿ. ತೋರಣಗಲ್ಲಿನ ಬಳಿಯ ವಿಮಾನ ನಿಲ್ದಾಣದ ಸುತ್ತ ಹಾರಿಸಬೇಡಿ. ಆನೆಗೊಂದಿಯ ಸ್ಮಾರಕಗಳ ಆವರಣವೂ ಬೇಡ. ಸಿರುಗುಪ್ಪ ಕಡೆಯ ಹುಲ್ಲುಗಾವಲುಗಳಲ್ಲಿ ಅಳಿವಿನಂಚಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳಿವೆ, ಆ ಹಕ್ಕಿಗಳಿಗೆ ನಮ್ಮ ಸಂಭ್ರಮ ತಟ್ಟದಿರಲಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪತ್ರ, ಗ್ರಾಮ ಪಂಚಾಯಿತಿಗೆ ಮತ್ತು ಠಾಣೆಗೆ ಒಂದೊಂದು ತಿಳಿವಳಿಕೆ ಪತ್ರ ಕೊಟ್ಟುಬಿಟ್ಟರೆ ನಿಶ್ಚಿಂತೆ.

ಬಾಟಲಿ ಆರಿಸುವುದು

ತಂಪು ಪಾನೀಯದ 2 ಲೀಟರ್ ಅಥವಾ ಎರಡೂಕಾಲು ಲೀಟರ್ ಬಾಟಲಿ ಮಾತ್ರ ಬಳಸಿ. ಗ್ಯಾಸ್ ತುಂಬಿದ ಪಾನೀಯದ ಒತ್ತಡ ತಡೆಯಲೆಂದೇ ಅದನ್ನು ಗುಂಡಾಗಿ, ಗಟ್ಟಿಯಾಗಿ ಮಾಡಿರುತ್ತಾರೆ. ಕುಡಿಯುವ ನೀರಿನ ಬಾಟಲಿ ತೆಳು, ಗಾಳಿ ತುಂಬಿದರೆ ಒಡೆಯುತ್ತದೆ. ಗಾಜು, ಲೋಹದ ಡಬ್ಬಿಗಳ ಹತ್ತಿರ ಸುಳಿಯಬೇಡಿ. ಏಳೂ ಬಾಟಲಿ ಒಂದೇ ಕಂಪನಿಯವು, ಒಂದೇ ಆಕಾರದವು ಆಗಿರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಮದುವೆ, ಗೃಹಪ್ರವೇಶ ನಡೆದ ಮನೆಗಳಲ್ಲಿ ಕೇಳಿದರೆ ಬೇಕಾದಷ್ಟು ಸಿಗುತ್ತವೆ. ಮುಚ್ಚಳವನ್ನೂ ಕೇಳಿ ತನ್ನಿ, ದೂಳು ಒಳಹೋಗದು.

ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಗೀರು, ಮಡಿಕೆಯ ಬಿಳಿ ಗೆರೆ, ಕುತ್ತಿಗೆಯಲ್ಲಿ ಸೀಳು ಕಂಡರೆ ಪಕ್ಕಕ್ಕಿಡಿ. ಬಾಟಲಿಗೆ ರಂಧ್ರ ಕೊರೆಯಬಾರದು, ಉಪ್ಪುಕಾಗದ ಉಜ್ಜಬಾರದು, ಬಿಸಿ ಅಂಟು ಸುರಿಯಬಾರದು. ಬಿಸಿಗೆ ಪ್ಲಾಸ್ಟಿಕ್ ಕುಗ್ಗಿ ಅಲ್ಲಿಂದಲೇ ಒಡೆಯುತ್ತದೆ. ರೆಕ್ಕೆ, ಮೂತಿಗಳನ್ನೆಲ್ಲ ಅಗಲ ಟೇಪಿನಿಂದ ಕಟ್ಟಿದರೆ ಸಾಕು. ಹೆಸರು ಬರೆಯಲು ಮಾರ್ಕರ್ ಬೇಡ, ಕಾಗದದ ಪಟ್ಟಿ ಅಂಟಿಸಿ.

ರೆಕ್ಕೆ, ಮೂತಿ, ತೂಕ

ರೆಕ್ಕೆಗೆ ನಮ್ಮ ಕಡೆ ಸುಲಭವಾಗಿ ಸಿಗುವುದು ಸನ್‌ಪ್ಯಾಕ್ ಶೀಟು, ಅಂದರೆ ಒಳಗೆ ಟೊಳ್ಳು ಸಾಲುಗಳಿರುವ ಪ್ಲಾಸ್ಟಿಕ್ ಹಾಳೆ. ಫ್ಲೆಕ್ಸ್ ಅಂಗಡಿಗಳಲ್ಲಿ ಹಳೆಯ ಬೋರ್ಡಿನ ತುಂಡುಗಳು ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಅದರೊಳಗಿನ ಸಾಲುಗಳು ರೆಕ್ಕೆಯ ಹೊರ ಅಂಚಿನ ಕಡೆಗೆ ಅಡ್ಡಡ್ಡ ಓಡುವಂತೆ ಕತ್ತರಿಸಿ, ಆಗ ರೆಕ್ಕೆ ಬಾಗುವುದಿಲ್ಲ. ಮೂರು ರೆಕ್ಕೆ ಸಾಕು, ನಾಲ್ಕಾದರೆ ಅಳತೆ ಸುಲಭ. ಬಾಟಲಿಯ ಬಾಯಿ ಕೆಳಗೆ ಬರುತ್ತದೆ, ರೆಕ್ಕೆಗಳನ್ನು ಅದರ ಕಡೆಗೆ ಆದಷ್ಟೂ ಕೆಳಗೆ ಕಟ್ಟಿ. ಆದರೆ ಕುತ್ತಿಗೆಯ ಸುತ್ತ ಉಡಾವಣಾ ಪೀಠದ ಹಿಡಿತಕ್ಕೆ ಜಾಗ ಬಿಡಿ.

ಇನ್ನೊಂದು ತುದಿಗೆ, ಅಂದರೆ ಬಾಟಲಿಯ ತಳದ ಮೇಲೆ, ಮೂತಿ ಬರಬೇಕು. ಇನ್ನೊಂದು ಬಾಟಲಿಯ ಮೇಲ್ಭಾಗ ಕತ್ತರಿಸಿ ಟೊಪ್ಪಿಗೆಯಂತೆ ಕೂರಿಸಿ, ಅದರ ತುದಿಗೆ ಅರ್ಧ ಮಾಡಿದ ಟೆನಿಸ್ ಚೆಂಡು ಅಂಟಿಸಿ. ಚೂಪು ಮೂತಿ ನೋಡಲು ಚೆಂದ, ಆದರೆ ಅದು ಯಾರ ತಲೆಯ ಮೇಲೂ ಬೀಳಬಹುದು. ಮೂತಿಯೊಳಗೆ 50ರಿಂದ 80 ಗ್ರಾಂ ಆಟದ ಜೇಡಿಮಣ್ಣು ಒತ್ತಿ. ಕಲ್ಲು, ನಟ್ಟು, ಬೋಲ್ಟು ತುಂಬಬೇಡಿ.

ತೂಕವನ್ನು ಮುಂದೆ ಇಡುವುದು ಯಾಕೆಂದು ಮಕ್ಕಳು ಕೇಳುತ್ತಾರೆ, ಇದನ್ನು ಮಾಡಿ ತೋರಿಸಿ. ಖಾಲಿ ರಾಕೆಟ್ಟನ್ನು ಒಂದು ಬೆರಳಿನ ಮೇಲೆ ಅಡ್ಡ ಇಟ್ಟು, ಅದು ಸಮತೋಲನಕ್ಕೆ ಬರುವ ಜಾಗ ಗುರುತಿಸಿ. ಅದು ಗುರುತ್ವ ಕೇಂದ್ರ. ಆಮೇಲೆ ರಾಕೆಟ್ಟಿನ ಪಕ್ಕದ ನೆರಳಿನಷ್ಟೇ ಆಕಾರದ ರಟ್ಟು ಕತ್ತರಿಸಿ ಅದನ್ನೂ ಬೆರಳಿನ ಮೇಲೆ ನಿಲ್ಲಿಸಿ. ಆ ಜಾಗ ಒತ್ತು ಕೇಂದ್ರಕ್ಕೆ, ಅಂದರೆ ಗಾಳಿಯ ಒತ್ತೆಲ್ಲ ಒಟ್ಟಾಗಿ ಬೀಳುವ ಬಿಂದುವಿಗೆ, ಹತ್ತಿರವಿರುತ್ತದೆ. ಗುರುತ್ವ ಕೇಂದ್ರ ಒತ್ತು ಕೇಂದ್ರಕ್ಕಿಂತ ಬಾಟಲಿಯ ಒಂದು ಅಗಲದಷ್ಟಾದರೂ ಮುಂದೆ, ಮೂತಿಯ ಕಡೆಗೆ ಇರಬೇಕು. ಇಲ್ಲದಿದ್ದರೆ ರಾಕೆಟ್ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಕೊನೆಗೆ ಗುರುತ್ವ ಕೇಂದ್ರಕ್ಕೆ ಎರಡು ಮೀಟರ್ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿ. ಮೂತಿ ಮುಂದಾಗಿ ಹೋದರೆ ಸರಿ. ಅಡ್ಡ ಅಥವಾ ಹಿಂದುಮುಂದಾಗಿ ಹೋದರೆ ಮಣ್ಣು ಹೆಚ್ಚಿಸಿ.

ಏಳೂ ರಾಕೆಟ್‌ಗಳನ್ನು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಸಿ. ಐದು ಗ್ರಾಂ ಒಳಗೆ ಸಮವಾಗುವವರೆಗೆ ಮಣ್ಣನ್ನು ಹೆಚ್ಚು ಕಡಿಮೆ ಮಾಡಿ.

ಪ್ಯಾರಾಚೂಟ್ ಏಳನೆಯದಕ್ಕೆ ಮಾತ್ರ. ಬಳ್ಳಾರಿಯಲ್ಲಿರುವವರಿಗೆ ಇದಕ್ಕೆ ದೊಡ್ಡ ಅನುಕೂಲವಿದೆ. ಜೀನ್ಸ್ ಹೊಲಿಯುವ ಘಟಕಗಳಲ್ಲಿ ಸಿಗುವ ದಪ್ಪ ಪಾಲಿಯೆಸ್ಟರ್ ದಾರ ಜಗ್ಗಿದರೂ ತುಂಡಾಗದು, ಪ್ಯಾರಾಚೂಟಿನ ಎಳೆಗಳಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಬಟ್ಟೆಗೆ ಹಳೆಯ ಕೊಡೆ ಬಿಚ್ಚಿ. 60 ಸೆಂಟಿಮೀಟರ್ ಅಗಲದ ವೃತ್ತ, ಎಂಟು ಎಳೆ, ಪ್ರತಿ ಎಳೆ 60 ಸೆಂಟಿಮೀಟರ್. ಅಂಚಿನಲ್ಲಿ ಎಳೆ ಕಟ್ಟುವ ಕಡೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊಲಿಸಿ, ಟೈಲರ್ ಅಣ್ಣನಿಗೆ ಅದು ಹತ್ತು ನಿಮಿಷದ ಕೆಲಸ. ಮೂತಿ ಸಡಿಲವಾಗಿ ಕೂತಿದ್ದು, ರಾಕೆಟ್ ತುದಿ ಮುಟ್ಟಿ ಮಗ್ಗುಲಾಗುವಾಗ ಕಳಚಿಕೊಂಡು ಪ್ಯಾರಾಚೂಟ್ ಹೊರಬರಬೇಕು. ಅದು ಪ್ರತಿ ಸಲವೂ ಬಿಚ್ಚಿಕೊಳ್ಳುತ್ತದೆಂದು ನಂಬಿ ಮೂತಿಯ ಚೆಂಡು ತೆಗೆಯಬೇಡಿ. ಪ್ಯಾರಾಚೂಟಿನ ತೂಕದಷ್ಟು ಮಣ್ಣು ಕಡಿಮೆ ಮಾಡಿ, ಬೆರಳಿನ ಪರೀಕ್ಷೆ ಮತ್ತೆ ಮಾಡಿ.

ಉಡಾವಣಾ ಪೀಠ

ರಬ್ಬರ್ ಬಿರಡೆ ಸಿಕ್ಕಿಸಿ ಗಾಳಿ ಹೊಡೆಯುವ ಪದ್ಧತಿ ಸುಲಭ, ಆದರೆ ಅದು ಯಾವಾಗ ಹಾರುತ್ತದೆಂದು ಹೇಳಲಾಗದು, ಒತ್ತಡವೂ ಪ್ರತಿ ಸಲ ಬೇರೆ. ಪ್ರಯೋಗಕ್ಕೆ ಅದು ಒಗ್ಗದು. ದಾರ ಎಳೆದಾಗಷ್ಟೇ ಬಿಡುವ ಪೀಠ ಮಾಡಿಕೊಳ್ಳಿ. ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ.

ಅರ್ಧ ಇಂಚಿನ, ದಪ್ಪ ಗೋಡೆಯ ಶೆಡ್ಯೂಲ್ 80 ಯುಪಿವಿಸಿ ಪೈಪು ತನ್ನಿ. ಅದರ ಹೊರ ಅಗಲ ಸುಮಾರು 21.3 ಮಿಲಿಮೀಟರ್, ಬಾಟಲಿಯ ಬಾಯೊಳಗೆ ನುಣ್ಣಗೆ ಇಳಿಯುತ್ತದೆ. ಬಾಟಲಿಯನ್ನು ಅಂಗಡಿಗೇ ಒಯ್ದು ತೂರಿಸಿ ನೋಡಿ ಕೊಳ್ಳಿ. ಬಾಟಲಿಯೊಳಗೆ ಪೈಪು ಸುಮಾರು 20 ಸೆಂಟಿಮೀಟರ್ ಹೋಗಬೇಕು. ಆಗ ಅದರ ತುದಿ ನೀರಿನ ಮಟ್ಟಕ್ಕಿಂತ ಮೇಲಿದ್ದು, ನೀರು ಪಂಪಿನ ಕಡೆಗೆ ಇಳಿಯುವುದಿಲ್ಲ. ಬಾಟಲಿಯ ಬಾಯಿ ಬಂದು ನಿಲ್ಲುವ ಜಾಗದಲ್ಲಿ ಒಂದು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಕೂರಿಸಿ, ಅದು ಜಾರದಂತೆ ಮೇಲೆ ಕೆಳಗೆ ಇನ್ಸುಲೇಷನ್ ಟೇಪ್ ಸುತ್ತಿ. ಸಿಂಧನೂರು, ಗಂಗಾವತಿಯಲ್ಲಿ ಔಷಧಿ ಸಿಂಪಡಿಸುವ ಪಂಪು ರಿಪೇರಿ ಮಾಡುವ ಅಂಗಡಿಗಳಲ್ಲಿ ಎಲ್ಲ ಅಳತೆಯ ಓ-ರಿಂಗ್ ಸಿಗುತ್ತವೆ. ಅದಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಬಾಟಲಿ ಸಲೀಸಾಗಿ ಕೂರುತ್ತದೆ, ಗಾಳಿಯೂ ಸೋರದು.

ಇನ್ನು ಹಿಡಿತ. ಬಾಟಲಿಯ ಕುತ್ತಿಗೆಯಲ್ಲಿ ಒಂದು ಬಳೆಯಂಥ ಅಂಚು ಇರುತ್ತದೆ. ಪೈಪಿನ ಸುತ್ತ ಹತ್ತು ಕೇಬಲ್ ಟೈಗಳನ್ನು ನಿಲ್ಲಿಸಿ, ಅವುಗಳ ತಲೆಗಳು ಆ ಅಂಚಿನ ಮೇಲೆ ಕೊಕ್ಕೆಯಂತೆ ಕೂರುವ ಎತ್ತರಕ್ಕೆ ಸರಿಮಾಡಿ, ಬುಡವನ್ನು ಹೋಸ್ ಕ್ಲಿಪ್‌ನಿಂದ ಬಿಗಿಯಿರಿ. ತಲೆಗಳೆಲ್ಲ ಒಳಮುಖವಾಗಿರಬೇಕು. ಈ ಟೈಗಳ ಗುಂಪಿನ ಮೇಲೆ ಸರಿಯಾಗಿ ಜಾರುವ ಅಗಲದ ಪೈಪಿನ ತುಂಡೊಂದನ್ನು ಉಂಗುರದಂತೆ ತೊಡಿಸಿ. ಉಂಗುರ ಮೇಲಿದ್ದರೆ ತಲೆಗಳು ಒಳಗೆ ಒತ್ತಿ ಬಾಟಲಿಯನ್ನು ಹಿಡಿದಿಡುತ್ತವೆ. ದಾರದಿಂದ ಉಂಗುರವನ್ನು ಕೆಳಕ್ಕೆ ಎಳೆದೊಡನೆ ತಲೆಗಳು ಹೊರಕ್ಕೆ ಅರಳಿ ಬಾಟಲಿ ಹಾರುತ್ತದೆ. 50 ಪಿಎಸ್‌ಐನಲ್ಲಿ ಬಾಟಲಿ ಸುಮಾರು 13 ಕಿಲೋ ಬಲದಿಂದ ಮೇಲಕ್ಕೆ ಜಗ್ಗುತ್ತಿರುತ್ತದೆ. ಆದ್ದರಿಂದ ಉಂಗುರ ತಾನಾಗಿ ಕೆಳಗಿಳಿಯದಂತೆ ಸ್ವಲ್ಪ ಬಿಗುವಿರಲಿ. ದಾರ ಎರಡು ಬದಿಯಿಂದಲೂ ಸಮವಾಗಿ ಎಳೆಯುವಂತೆ, ಹಲಗೆಗೆ ಹೊಡೆದ ಎರಡು ಕೊಂಡಿಗಳ ಮೂಲಕ ಹಾಯಿಸಿ.

ಪೈಪಿನ ಬುಡಕ್ಕೆ ಎಲ್ಬೋ, ಅಲ್ಲಿಂದ ಪೇಂಟ್ ಕಂಪ್ರೆಸರಿಗೆ ಬಳಸುವ 8 ಮೀಟರ್ ಏರ್ ಹೋಸು, ಅದರ ಕೊನೆಗೆ ಇಂಗ್ಲಿಷಿನ T ಆಕಾರದ ಟೀ ಜೋಡಣೆ. ಟೀಯ ಒಂದು ಬಾಯಿಗೆ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೆಸ್ ಟೈರಿನ ವಾಲ್ವ್, ಇನ್ನೊಂದಕ್ಕೆ ಬಾಲ್ ವಾಲ್ವ್. ಈ ಬಾಲ್ ವಾಲ್ವ್ ಇಲ್ಲದ ಪೀಠವನ್ನು ನಾನು ಪೀಠವೆಂದೇ ಒಪ್ಪುವುದಿಲ್ಲ. ಏನಾದರೂ ಸರಿಯಿಲ್ಲ ಎನಿಸಿದರೆ 8 ಮೀಟರ್ ದೂರದಿಂದಲೇ ಅದನ್ನು ತಿರುಗಿಸಿ ಗಾಳಿ ಬಿಟ್ಟುಬಿಡಬಹುದು, ಯಾರೂ ಬಾಟಲಿಯ ಹತ್ತಿರ ಹೋಗಬೇಕಿಲ್ಲ. ಎಲ್ಲವನ್ನೂ ದಪ್ಪ ಹಲಗೆಗೆ ಬಿಗಿದು, ಹಲಗೆಯನ್ನು ಕಬ್ಬಿಣದ ಗೂಟಗಳಿಂದ ನೆಲಕ್ಕೆ ಕಚ್ಚಿಸಿ. ಪೈಪು ಬಿಸಿಲಿನಲ್ಲಿ ಬಿದ್ದರೆ ಪೆಡಸಾಗುತ್ತದೆ, ಒಳಗೆ ಎತ್ತಿಡಿ.

ಗಾಳಿಗೆ ಮೀಟರ್ ಇರುವ ಕೈಪಂಪು ಅಥವಾ ಕಾಲುಪಂಪು ಬಳಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಿತಿ ದಾಟಿಸುತ್ತದೆ. ಹಾರಾಟಕ್ಕೆ ನಮ್ಮ ಮಿತಿ 50 ಪಿಎಸ್‌ಐ. 51 ಆದರೆ ಗಾಳಿ ಬಿಡಬೇಕು.

ನೀರು ತುಂಬಿ ಒತ್ತಡ ಪರೀಕ್ಷೆ

ಪ್ರತಿ ಬಾಟಲಿಗೂ ಹಾರಾಟಕ್ಕೆ ಮುನ್ನ ಈ ಪರೀಕ್ಷೆ ಆಗಲೇಬೇಕು. ಬಾಟಲಿಯನ್ನು ಬಾಯಿಯವರೆಗೂ ನೀರಿನಿಂದ ತುಂಬಿ ಪೀಠಕ್ಕೆ ಸಿಕ್ಕಿಸಿ, ಗೋಡೆಯ ಮರೆಯಿಂದ 75 ಪಿಎಸ್‌ಐವರೆಗೆ ಒತ್ತಡ ಏರಿಸಿ ಐದು ನಿಮಿಷ ಬಿಡಿ. ಗಾಳಿ ಕುಗ್ಗಿ ಶಕ್ತಿ ಕೂಡಿಡುತ್ತದೆ, ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ತುಂಬಿದ ಬಾಟಲಿ ಒಡೆದರೂ ಸ್ಫೋಟವಾಗದೆ ನೀರಷ್ಟೇ ಸೋರುತ್ತದೆ. ಬಾಲ್ ವಾಲ್ವ್‌ನಿಂದ ಒತ್ತಡ ಇಳಿಸಿದ ಮೇಲೆ ಇನ್ನೊಂದು ತಂಡ ಹೋಗಿ ನೋಡಲಿ: ಉಬ್ಬು, ಬಿಳಿಗೆರೆ, ಹನಿ ಏನಾದರೂ ಇದೆಯೇ? ಪಾಸಾದ ಬಾಟಲಿಗೆ ಪರೀಕ್ಷಿಸಿದ ಮಗುವಿನ ಸಹಿ ಇರುವ ಚೀಟಿ ಅಂಟಿಸಿ. ದೊಡ್ಡವರ ಸಹಿ ಬೇಡ.

“ನಿಲ್ಲಿಸಿ” ಎನ್ನುವ ಹಕ್ಕು

ಈ ಇಡೀ ಕಾರ್ಯಕ್ರಮದಲ್ಲಿ ಒಂದೇ ಒಂದು ಸಂಗತಿ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಕೊಲಂಬಿಯಾ ನೆಲ ಬಿಟ್ಟು ಸುಮಾರು 82 ಸೆಕೆಂಡಿಗೆ, ಹೊರಗಿನ ಇಂಧನ ಟ್ಯಾಂಕಿನ ಹೊದಿಕೆಯಿಂದ ಫೋಮಿನ ತುಂಡೊಂದು ಕಳಚಿ ಎಡ ರೆಕ್ಕೆಯ ಮುಂಚೂಣಿಗೆ ಬಡಿಯಿತು. ಅದರ ತೂಕ ಮುಕ್ಕಾಲು ಕಿಲೋ ಆಸುಪಾಸು. ಹದಿನಾರು ದಿನ ಬಾಹ್ಯಾಕಾಶದಲ್ಲಿ ಅದರಿಂದ ಏನೂ ಆಗಲಿಲ್ಲ. ಮರಳಿ ವಾತಾವರಣ ಹೊಕ್ಕಾಗ ಆ ಜಾಗದಿಂದ ಕಾದ ಅನಿಲ ಒಳನುಗ್ಗಿ ರೆಕ್ಕೆಯನ್ನು ಕರಗಿಸಿತು. ಇಳಿಯಲು ಕಾಲು ಗಂಟೆ ಬಾಕಿಯಿತ್ತು. ತನಿಖಾ ಮಂಡಳಿ 2003ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಫೋಮಿನಷ್ಟೇ ಸಂಸ್ಥೆಯ ನಡವಳಿಕೆಯನ್ನೂ ಹೊಣೆ ಮಾಡಿತು. ಫೋಮ್ ಕಳಚುವುದು ಹಿಂದಿನ ಹಾರಾಟಗಳಲ್ಲೂ ಕಂಡಿತ್ತು. ನೌಕೆಗಳು ಸುರಕ್ಷಿತವಾಗಿ ಬಂದದ್ದರಿಂದ ಅದು ದುರಸ್ತಿಯ ವಿಷಯವಾಗಿ ಉಳಿದುಬಿಟ್ಟಿತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿದ್ದರು, ಆ ಚಿತ್ರ ತೆಗೆಸಲಿಲ್ಲ.

ಆದ್ದರಿಂದ ನಿಯಮ ಇದು. ಮೈದಾನದಲ್ಲಿರುವ ಯಾವ ಮಗುವಾದರೂ, ಮೂರನೆಯ ತರಗತಿಯದಾದರೂ, “ನಿಲ್ಲಿಸಿ” ಎಂದರೆ ಎಣಿಕೆ ನಿಲ್ಲಬೇಕು. ಮೊದಲು ಗಾಳಿ ಬಿಡಬೇಕು, ಕಾರಣ ಆಮೇಲೆ ಕೇಳಬೇಕು. ಕಾರಣ ಸುಳ್ಳಾಗಿ ಕಂಡರೂ ಬೈಯಬಾರದು, “ಹೇಳಿದ್ದು ಒಳ್ಳೆಯದಾಯಿತು” ಎನ್ನಬೇಕು. ಹಿಂದಿನ ದಿನವೇ ಇದನ್ನು ಅಭ್ಯಾಸ ಮಾಡಿಸಿ: ಒಬ್ಬ ಹುಡುಗಿಗೆ ಗುಟ್ಟಾಗಿ ಹೇಳಿ ಎಣಿಕೆಯ ಮಧ್ಯೆ ಕೂಗಿಸಿ. ಮುಖ್ಯ ಅತಿಥಿಗಳು ಬಂದಿದ್ದಾರೆ, ತಡವಾಗುತ್ತಿದೆ ಎಂಬ ಕಾರಣಕ್ಕೆ ಈ ನಿಯಮ ಸಡಿಲವಾಗಕೂಡದು.

ರಾಕೆಟ್ ಹಾರದಿದ್ದರೆ ಅಥವಾ ಅಡ್ಡಾದಿಡ್ಡಿ ಹೋದರೆ ಯಾರು ಕೆಡಿಸಿದರು ಎಂದು ಕೇಳಬೇಡಿ, ಏನು ಕೆಟ್ಟಿತು ಎಂದು ಕೇಳಿ. 1997ರಲ್ಲಿ ತಮ್ಮ ಮೊದಲ ಯಾನದಲ್ಲಿ ಕಲ್ಪನಾ ಸ್ಪಾರ್ಟನ್ ಉಪಗ್ರಹವನ್ನು ನೌಕೆಯಿಂದ ಬಿಡುವಾಗ ಅದು ಹಿಡಿತಕ್ಕೆ ಸಿಗದೆ ಹೋಗಿ, ಸಹಯಾತ್ರಿಗಳಾದ ವಿನ್‌ಸ್ಟನ್ ಸ್ಕಾಟ್ ಮತ್ತು ತಕಾವೊ ದೋಯಿ ನೌಕೆಯಿಂದ ಹೊರಗೆ ಹೋಗಿ ಅದನ್ನು ಕೈಯಿಂದ ಹಿಡಿದರು. ತನಿಖೆಯಲ್ಲಿ ತಂತ್ರಾಂಶದ ಮತ್ತು ಕಾರ್ಯವಿಧಾನದ ದೋಷಗಳು ಬೆಳಕಿಗೆ ಬಂದವು. ಕಲ್ಪನಾ ಮತ್ತೆ ಆಯ್ಕೆಯಾಗಿ ಹಾರಿದರು.

ಫೆಬ್ರುವರಿ 1ರ ಬೆಳಿಗ್ಗೆ

ಆರೂವರೆಗೆ ಹಿರಿಯರು ಬಂದು ಪೀಠ ನೆಡಲಿ. ಗಾಳಿ ಬೀಸುವ ದಿಕ್ಕಿಗೆ ರಾಕೆಟ್ ತೇಲಿಹೋಗುವುದರಿಂದ ಗಾಳಿ ಬರುವ ಬದಿಯ ಅಂಚಿನಲ್ಲಿ ಪೀಠವಿರಲಿ. ಪ್ರೇಕ್ಷಕರಿಗೆ 30 ಮೀಟರ್ ದೂರದಲ್ಲಿ, ಗಾಳಿ ಬರುವ ಕಡೆಯೇ, ಸುಣ್ಣದ ಗೆರೆ ಎಳೆಯಿರಿ. ಗೆರೆಯೊಳಗೆ ಪಂಪು ಹೊಡೆಯುವವರು, ದಾರ ಎಳೆಯುವವರು ಮಾತ್ರ, ಇಬ್ಬರಿಗೂ ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಮರದ ಎಲೆ, ಸಣ್ಣ ಕೊಂಬೆಗಳು ಒಂದೇ ಸಮ ಅಲುಗಾಡುವಷ್ಟು ಗಾಳಿ ಇದ್ದರೆ ಕಾಯಿರಿ. ಧ್ವನಿವರ್ಧಕದಲ್ಲಿ ಹಾಡು ಬೇಡ, “ನಿಲ್ಲಿಸಿ” ಎಂಬ ಕೂಗು ಕೇಳಿಸಬೇಕು.

ಪ್ರತಿ ರಾಕೆಟ್ಟಿಗೆ ಮುನ್ನ ಅದನ್ನು ಕಟ್ಟಿದ ಮಗು ಆ ಗಗನಯಾತ್ರಿಯ ಬಗ್ಗೆ ಎರಡು ವಾಕ್ಯ ಹೇಳಲಿ, ಹೆಚ್ಚು ಬೇಡ. ಕಮಾಂಡರ್ ರಿಕ್ ಹಸ್ಬೆಂಡ್ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದರು. ಪೈಲಟ್ ವಿಲಿಯಂ ಮೆಕೂಲ್ ದೂರದ ಓಟಗಾರ. ಡೇವಿಡ್ ಬ್ರೌನ್ ವೈದ್ಯರಾಗುವ ಮುನ್ನ, ಕಾಲೇಜು ದಿನಗಳಲ್ಲಿ ಸರ್ಕಸ್ಸಿನಲ್ಲಿ ಕಸರತ್ತು ಮಾಡಿದ್ದರು. ಲಾರೆಲ್ ಕ್ಲಾರ್ಕ್ ಜಲಾಂತರ್ಗಾಮಿ ನೌಕೆಗಳ ವೈದ್ಯೆಯಾಗಿದ್ದವರು. ಮೈಕೆಲ್ ಆಂಡರ್ಸನ್ ಭೌತಶಾಸ್ತ್ರ ಓದಿದ ವಾಯುಪಡೆಯ ಪೈಲಟ್. ಇಸ್ರೇಲಿನ ಮೊದಲ ಗಗನಯಾತ್ರಿ ಇಲಾನ್ ರಮೋನ್ ತಮ್ಮೊಂದಿಗೆ ಒಯ್ದಿದ್ದು, ಆಶ್‌ವಿಟ್ಜ್‌ನಲ್ಲಿ ಕೊಲ್ಲಲ್ಪಟ್ಟ ಪೀಟರ್ ಗಿಂಜ್ ಎಂಬ ಹುಡುಗ ಬಿಡಿಸಿದ ಚಂದ್ರಲೋಕದ ಚಿತ್ರದ ಪ್ರತಿ. ಮಕ್ಕಳು ಇಂಥ ಸಂಗತಿಗಳನ್ನು ಮರೆಯುವುದಿಲ್ಲ.

ಆರು ರಾಕೆಟ್‌ಗಳಿಗೆ ಕ್ರಮವಾಗಿ 300, 450, 600, 750, 900, 1050 ಮಿಲಿಲೀಟರ್ ನೀರು ಅಳೆದು ಹಾಕಿ. ಪ್ರತಿಯೊಂದೂ ಸರಿಯಾಗಿ 50 ಪಿಎಸ್‌ಐನಲ್ಲಿ, ಎರಡೆರಡು ಬಾರಿ ಹಾರಲಿ. ಕ್ರಮ ಹೀಗೆ:

1. ನೀರು ತುಂಬಿದ ಬಾಟಲಿಯನ್ನು ಪೀಠಕ್ಕೆ ಕೂರಿಸಿ, ಉಂಗುರ ಮೇಲೆತ್ತಿ, ಹತ್ತೂ ತಲೆಗಳು ಕಚ್ಚಿವೆಯೇ ಎಂದು ಬೆರಳಿನಿಂದ ಮುಟ್ಟಿ ಎಣಿಸಿ.
2. ಎಲ್ಲರೂ ಹಿಂದೆ ಸರಿದ ಮೇಲಷ್ಟೇ ಬಾಲ್ ವಾಲ್ವ್ ಮುಚ್ಚಿ ಪಂಪು ಶುರುಮಾಡಿ. ಇನ್ನು ಮುಂದೆ ಯಾರೂ ಪೀಠದ ಹತ್ತಿರ ಹೋಗುವಂತಿಲ್ಲ.
3. 20 ಪಿಎಸ್‌ಐನಲ್ಲಿ ನಿಲ್ಲಿಸಿ, ಸೋರಿಕೆ ಇದೆಯೇ ನೋಡಿ. ಇದ್ದರೆ ಗಾಳಿ ಬಿಡಿ.
4. 50ಕ್ಕೆ ಬಂದಾಗ ಎರಡೂ ತಂಡಗಳ ನಾಯಕಿಯರು ಗಟ್ಟಿಯಾಗಿ “ಸಿದ್ಧ” ಎನ್ನಲಿ. ಆಕಾಶದಲ್ಲಿ ಹಕ್ಕಿ, ಮೈದಾನದಲ್ಲಿ ದನಕರು ಇಲ್ಲವೆಂದು ಖಚಿತವಾಗಲಿ.
5. ಹತ್ತರಿಂದ ಎಣಿಕೆ, ದಾರ ಎಳೆತ.
6. ದಾರ ಎಳೆದರೂ ಹಾರದಿದ್ದರೆ ಬಾಲ್ ವಾಲ್ವ್ ತೆರೆಯಿರಿ, ಮೀಟರ್ ಸೊನ್ನೆಗೆ ಬಂದಮೇಲೆ ಒಂದು ನಿಮಿಷ ಕಾದು ಹಿರಿಯರೊಬ್ಬರು ಹೋಗಲಿ.

ಎತ್ತರ ಅಳೆಯುವುದು, ಗ್ರಾಫ್ ಬರೆಯುವುದು

ಪೀಠದಿಂದ ಎರಡು ವಿರುದ್ಧ ದಿಕ್ಕುಗಳಲ್ಲಿ 40 ಮೀಟರ್ ದೂರದಲ್ಲಿ ಒಬ್ಬೊಬ್ಬರು ನಿಲ್ಲಲಿ. ಇವರ ಜೊತೆ ಒಬ್ಬೊಬ್ಬ ಹಿರಿಯರಿದ್ದು, ರಾಕೆಟ್ ಬೀಳುವವರೆಗೂ ಅದರಿಂದ ಕಣ್ಣು ತೆಗೆಯಬಾರದು. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಪಾನೀಯದ ಕೊಳವೆ ಅಂಟಿಸಿ, ನಡುಬಿಂದುವಿನಿಂದ ದಾರಕ್ಕೆ ನಟ್ಟೊಂದನ್ನು ಇಳಿಬಿಟ್ಟರೆ ಅಳತೆಯ ಸಾಧನ ಸಿದ್ಧ. ಕೊಳವೆಯಲ್ಲಿ ರಾಕೆಟ್ಟನ್ನು ಹಿಂಬಾಲಿಸಿ, ತುದಿ ಮುಟ್ಟಿದ ಕ್ಷಣ ದಾರವನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ನೋಟದ ಕೋನ 40 ಡಿಗ್ರಿ ಎಂದುಕೊಳ್ಳಿ. 40 ಡಿಗ್ರಿಯ ಟ್ಯಾನ್ 0.84. ಅದನ್ನು 40 ಮೀಟರಿಗೆ ಗುಣಿಸಿದರೆ 33.6, ನೋಡುವವರ ಕಣ್ಣಿನ ಎತ್ತರ ಸುಮಾರು ಒಂದೂಕಾಲು ಮೀಟರ್ ಕೂಡಿಸಿದರೆ ಹತ್ತಿರ ಹತ್ತಿರ 35 ಮೀಟರ್. ಇಬ್ಬರ ಉತ್ತರದ ಸರಾಸರಿ ತೆಗೆದುಕೊಳ್ಳಿ, ಗಾಳಿಗೆ ರಾಕೆಟ್ ವಾಲಿದ್ದರಿಂದ ಬರುವ ದೋಷ ಬಹುಮಟ್ಟಿಗೆ ಕಳೆಯುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಕಷ್ಟವೆನ್ನುವ ಮಕ್ಕಳಿಗೆ ಇದನ್ನೊಮ್ಮೆ ಮಾಡಿಸಿ ನೋಡಿ.

ಸುಣ್ಣ ಬಳಿದ ಗೋಡೆಗೆ ದೊಡ್ಡ ಗ್ರಾಫ್ ಹಾಳೆ ಅಂಟಿಸಿ, ಅಡ್ಡಕ್ಕೆ ನೀರು, ಉದ್ದಕ್ಕೆ ಎತ್ತರ ಗುರುತಿಸಿ. ನೀರು ತೀರ ಕಡಿಮೆಯಾದರೆ ನೂಕು ಬೇಗ ಮುಗಿಯುತ್ತದೆ. ಹೆಚ್ಚಾದರೆ ಹೊರೆ ಹೆಚ್ಚು, ಒತ್ತಡ ಕೊಡುವ ಗಾಳಿಗೆ ಜಾಗ ಕಡಿಮೆ. ಬಾಟಲಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದ ನಡುವೆ ಗೆರೆ ತುದಿ ಮುಟ್ಟುವ ಸಾಧ್ಯತೆ ಹೆಚ್ಚು. ಆದರೆ ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಅವರ ಅಂಕಿಗಳು ಬೇರೇನೋ ಹೇಳಿದರೆ ಅದನ್ನೇ ಗೌರವಿಸಿ. ಗೆರೆಯ ತುದಿ ಎಲ್ಲಿದೆ ಎಂಬುದರ ಬಗ್ಗೆ ಎರಡೂ ತಂಡಗಳು ವಾದ ಮಾಡಿ ಒಪ್ಪಂದಕ್ಕೆ ಬರಲಿ. ಆ ಅಂಕಿಯೇ ಏಳನೆಯ ರಾಕೆಟ್ಟಿನ ನೀರು.

ಅದನ್ನು ತುಂಬುವ ಮುನ್ನ ಕಲ್ಪನಾ ಅವರ ಮಾತು ಬರಲಿ. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ, ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ 1982ರಲ್ಲಿ ವಿಮಾನಶಾಸ್ತ್ರದ ಪದವಿ ಪಡೆದು, 1988ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಮಾಡಿದವರು, ವಿಮಾನವನ್ನೂ ಗ್ಲೈಡರನ್ನೂ ಹಾರಿಸಲು ಕಲಿಸುವ ಪರವಾನಗಿ ಪಡೆದವರು. ಅವರ ನೆನಪಿಗೆ ನಮ್ಮ ದೇಶದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ 2003ರ ಫೆಬ್ರುವರಿ 5ರಂದು ಕಲ್ಪನಾ-1 ಎಂದು ಹೆಸರಿಟ್ಟರು. ಪಿಎಸ್‌ಎಲ್‌ವಿ ರಾಕೆಟ್ 2002ರ ಸೆಪ್ಟೆಂಬರ್ 12ರಂದು ಒಯ್ದಿದ್ದ ಆ ಉಪಗ್ರಹ 74 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನೆಲೆಗೊಂಡಿತ್ತು. ಬಳ್ಳಾರಿ ಇರುವುದು 77 ಡಿಗ್ರಿಯ ಹತ್ತಿರ. ತುಂಗಭದ್ರೆಯ ಮೇಲಿನ ಮೋಡಗಳನ್ನು ಅದು ವರ್ಷಗಟ್ಟಲೆ ಚಿತ್ರಿಸಿತು ಎಂದರೆ ಮಕ್ಕಳು ತಲೆಯೆತ್ತಿ ನೋಡುತ್ತಾರೆ. ಈ ರಾಕೆಟ್ಟಿನ ದಾರವನ್ನು ಎಳೆಯುವುದು ಅತಿಥಿಗಳಲ್ಲ, ಗ್ರಾಫ್ ಬರೆದ ಹುಡುಗಿ.

ಹಾರಿಸಿದ ಮೇಲೆ

ಏಳನೆಯದರ ಎತ್ತರವನ್ನೂ ಗ್ರಾಫಿಗೆ ಸೇರಿಸಿ. ಅದು ಮೊದಲ ಆರಕ್ಕಿಂತ ಕಡಿಮೆ ಹಾರಿದರೂ ಆ ಅಂಕಿಯನ್ನು ಹಾಗೆಯೇ ಬರೆಯಿರಿ, ಪಕ್ಕದಲ್ಲಿ ಗಾಳಿ ಹೇಗಿತ್ತು, ಪ್ಯಾರಾಚೂಟ್ ಬಿಚ್ಚಿತೇ, ಮೂತಿ ಬೇಗ ಕಳಚಿತೇ ಎಂದು ಟಿಪ್ಪಣಿ ಇರಲಿ. “ನಿಲ್ಲಿಸಿ” ಎಂದು ಯಾರು, ಯಾವಾಗ, ಏಕೆ ಕೂಗಿದರು ಎಂಬುದಕ್ಕೂ ಒಂದು ಪುಟ ಬಿಡಿ.

ಹೊಲದಲ್ಲಿ ಟೇಪಿನ ಚೂರು, ಸನ್‌ಪ್ಯಾಕ್ ತುಂಡು ಒಂದೂ ಉಳಿಯದಂತೆ ಮಕ್ಕಳು ಸಾಲಾಗಿ ನಡೆದು ಆಯಲಿ, ದನಗಳು ಮೇಯುವ ಜಾಗವದು. ನೆಲಕ್ಕೆ ಜೋರಾಗಿ ಬಡಿದ ಬಾಟಲಿ ನೋಡಲು ಚೆನ್ನಾಗಿದ್ದರೂ ಮತ್ತೆ ಬಳಸಬೇಡಿ. ಬಡಿಯದಿದ್ದರೂ ಹತ್ತು ಹಾರಾಟವಾದ ಬಾಟಲಿಯನ್ನು ಕತ್ತರಿಸಿ ಗುಜರಿಗೆ ಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಯಾರಾದರೂ ತಿಳಿಯದೆ ಅದಕ್ಕೆ ಗಾಳಿ ತುಂಬುತ್ತಾರೆ. ಹೋಸಿನ ನೀರು ಬಸಿದು, ಓ-ರಿಂಗ್ ಒರೆಸಿ, ಪೀಠವನ್ನು ನೆರಳಿನಲ್ಲಿ ಎತ್ತಿಡಿ. ಅಂಕಿಗಳ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಪಕ್ಕದ ಊರಿನ ಶಾಲೆಗೆ ಕೊಡಿ. ಅವರು ಅದೇ ಬಾಟಲಿ, ಅದೇ ನೀರು, ಅದೇ ಒತ್ತಡದಲ್ಲಿ ಹಾರಿಸಿ ತಮ್ಮ ಅಂಕಿಗಳನ್ನು ನಿಮ್ಮವುಗಳ ಪಕ್ಕದಲ್ಲಿ ಬರೆಯಲಿ.